ಏಳು ಮಿನಿಟು, ಹನ್ನೆರಡು ಸೆಕೆಂಡು

ನಮ್ಮಜ್ಜಿಗೆ ಅಕ್ಷರ ಬರುತ್ತಿರಲಿಲ್ಲ, ಅಂಕಿ ಬರುತ್ತಿತ್ತು. ಹೊಂಗನೂರಿನ ಮನೆಯ ಜಗಲಿಯ ಮೇಲೆ ಕಾಲು ಚಾಚಿ ಕೂತು, ಪಹಣಿಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಅವಳು ನನಗೆ ಲೆಕ್ಕ ಹೇಳಿಕೊಡುತ್ತಿದ್ದಳು.

"ಎರಡು, ಚುಕ್ಕೆ, ಇಪ್ಪತ್ತು. ಏಟ್ಲಾ ಇದು?"

"ಎರಡೂವರೆ ಎಕರೆ" ಎನ್ನಬೇಕು ನಾನು. ಎಕರೆಗೆ ನಲವತ್ತು ಗುಂಟೆ, ಇಪ್ಪತ್ತು ಗುಂಟೆ ಅಂದರೆ ಅರ್ಧ. ಒಂದು ದಿನ ಶಾಲೆಯಲ್ಲಿ ಮೇಷ್ಟ್ರು ಅದೇ ಎರಡು ಚುಕ್ಕೆ ಇಪ್ಪತ್ತನ್ನು ಹಲಗೆಯ ಮೇಲೆ ಬರೆದು, ಎರಡರ ಮೇಲೆ ಐದನೇ ಒಂದು ಭಾಗ ಅಂದರು. ಯಾವುದು ನಿಜ ಎಂದು ಅಜ್ಜಿಯನ್ನು ಕೇಳಿದೆ. ಅವಳು ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿಕೊಂಡು ಹೇಳಿದಳು: "ಎಲ್ಡೂ ನಿಜವೇ ಕಣ್ಲಾ. ಮೇಷ್ಟ್ರ ಚುಕ್ಕೆ ಬ್ಯಾರೆ, ಹೊಲದ ಚುಕ್ಕೆ ಬ್ಯಾರೆ. ಇದು ಯಾರ ಚುಕ್ಕೆ ಅಂತ ಮೊದ್ಲು ಕೇಳ್ಕೊ, ಆಮ್ಯಾಕೆ ಬಾಯ್ ಬುಡು."

ನಾನು ಕೇಳಿಕೊಳ್ಳದೆ ಬಾಯಿ ಬಿಟ್ಟದ್ದು ಒಂದೇ ಒಂದು ಸಲ. ಅಷ್ಟು ಹೊತ್ತಿಗೆ ಅಜ್ಜಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು, ನನಗೆ ಮೂವತ್ತು ದಾಟಿತ್ತು.

ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷಗಳಾಗಿದ್ದ ಕಾಲ ಅದು. ಕಾರ್ಖಾನೆಗಳು ಬೆಂಗಳೂರು ಕಡೆಯಿಂದ ಒಂದೊಂದೇ ಮೈಲಿಗಲ್ಲು ದಾಟಿಕೊಂಡು ನಮ್ಮ ಕಡೆಗೆ ಬರುತ್ತಿದ್ದವು. ಕಾರ್ಖಾನೆಗಿಂತ ಮೊದಲು ಲಾರಿ ಬರುತ್ತದೆ, ಲಾರಿಗಿಂತ ಮೊದಲು ಗೋಡೆ, ಗೋಡೆಗಿಂತ ಮೊದಲು ನಾವು, ಅಳೆಯುವವರು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ, ಒಂದು ಸೈಕಲ್ ಅಂಗಡಿಯ ಮಾಳಿಗೆ ಮೇಲೆ ನಮ್ಮ ಯಜಮಾನರ ಸರ್ವೆ ಆಫೀಸಿತ್ತು. ಎರಡು ಕೋಣೆ, ಒಂದು ಕಂಪ್ಯೂಟರು, ಕೋನ ಅಳೆಯುವ ಹಳೆಯದೊಂದು ಥಿಯೊಡೊಲೈಟು, ಆಮೇಲೆ ಬಾಡಿಗೆಗೆ ತಂದ ಹೊಸ ಯಂತ್ರ. ಹೊಸದಕ್ಕೆ ಕೋನವನ್ನು ಅಂಕಿಯಲ್ಲಿ ಕುಟ್ಟಿದರೆ ಸಾಕು, ತಾನೇ ತಿರುಗಿ ಆ ದಿಕ್ಕಿಗೆ ನಿಲ್ಲುತ್ತಿತ್ತು. ನಾನು ಅಲ್ಲಿ ಲೆಕ್ಕದವನು.

ನನ್ನ ಲೆಕ್ಕವೆಲ್ಲ ಕೋನದ್ದೇ. ಡಿಗ್ರಿಗೆ ಅರವತ್ತು ಮಿನಿಟು, ಮಿನಿಟಿಗೆ ಅರವತ್ತು ಸೆಕೆಂಡು. ಗಡಿಯಾರಕ್ಕೂ ಇದಕ್ಕೂ ಸಂಬಂಧವಿಲ್ಲ, ಇವು ದಿಕ್ಕನ್ನು ಸೀಳುವ ಚೂರುಗಳು. ಹಳೆಯ ನಕ್ಷೆಗಳೆಲ್ಲ ಡಿಗ್ರಿ, ಮಿನಿಟು, ಸೆಕೆಂಡಿನಲ್ಲೇ ಮಾತಾಡುತ್ತಿದ್ದವು. ಹೊಸ ಯಂತ್ರಕ್ಕೆ ಮಾತ್ರ ಮೇಷ್ಟ್ರ ಚುಕ್ಕೆಯೇ ಬೇಕು. ಮೂವತ್ತು ಮಿನಿಟು ಅಂದರೆ ಅದಕ್ಕೆ ಅರ್ಥವಾಗದು, ಪಾಯಿಂಟ್ ಐದು ಅನ್ನಬೇಕು. ಇದರ ಮಾತನ್ನು ಅದಕ್ಕೆ ತಿಳಿಸಿ, ಅದರ ಮಾತನ್ನು ಇದಕ್ಕೆ ತಿಳಿಸುವ ದುಭಾಷಿ ನಾನು. ಸೆಕೆಂಡುಗಳನ್ನು ಅಡ್ಡದೂರಕ್ಕೆ ಇಳಿಸಲು ಇನ್ನೊಂದು ದೊಡ್ಡ ಅಂಕಿ ಇತ್ತು: ಎರಡು ಲಕ್ಷದ ಆರು ಸಾವಿರದ ಇನ್ನೂರ ಅರವತ್ತೈದು. ಸೆಕೆಂಡನ್ನು ದೂರದಿಂದ ಗುಣಿಸಿ ಇದರಿಂದ ಭಾಗಿಸಿದರೆ ಕಲ್ಲು ಎಷ್ಟು ಸರಿದಿದೆ ಎಂದು ಸಿಗುತ್ತದೆ. ನೆಂಟರ ಮನೆಯ ಫೋನ್ ನಂಬರಿನ ಹಾಗೆ ಅದನ್ನು ಬಾಯಿಪಾಠ ಮಾಡಿಕೊಂಡಿದ್ದೆ.

ನಮ್ಮ ದೊಡ್ಡಯ್ಯನಿಗೆ ಆ ಅಂಕಿ ಬೇಕಿರಲಿಲ್ಲ. ದೊಡ್ಡಯ್ಯ ಎಂದರೆ ನಮ್ಮ ತಂಡದ ಹಿರಿಯ, ದೊಡ್ಡಆಲಹಳ್ಳಿ ಕಡೆಯವನು. ಪ್ರಾಯದಲ್ಲಿ ಸರ್ಕಾರಿ ಮೋಜಣಿ ಇಲಾಖೆಯಲ್ಲಿ ಅಳತೆಯ ಸರಪಳಿ ಎಳೆದು ಎಳೆದು ಕೈಯೆಲ್ಲ ಜಡ್ಡುಗಟ್ಟಿಸಿಕೊಂಡು, ನಿವೃತ್ತನಾದ ಮೇಲೂ ಮನೆಯಲ್ಲಿ ಕೂರಲಾರದೆ ನಮ್ಮ ಜೊತೆ ಬಂದವನು. ನನಗೆ ಅವನು ಸಂಬಂಧಿಯೇನಲ್ಲ, ಆದರೂ ದೊಡ್ಡಯ್ಯ. ಅವನ ಲೆಕ್ಕ ಬೆರಳಿನಲ್ಲಿತ್ತು. "ನೂರು ಮೀಟ್ರಿಗೆ ಒಂದು ಮಿನಿಟು ತಪ್ಪುದ್ರೆ ಒಂದೂವರೆ ಬೆರಳು ಅಗಲ. ಇಪ್ಪತ್ನಾಕು ಬೆರಳಿಗೆ ಒಂದು ಮೊಳ. ಇಷ್ಟು ಗೊತ್ತಿದ್ರೆ ಭೂಮಿ ತುಂಬ ಸುತ್ಕೊಂಡು ಬರಬೌದು, ನಿನ್ನ ಟೆಲಿಪೋನ್ ನಂಬ್ರು ಯಾವನಿಗ್ ಬೇಕ್ಲಾ?" ಎನ್ನುತ್ತಿದ್ದ. ನಾನು ಕ್ಯಾಲ್ಕುಲೇಟರ್ ಒತ್ತಿ ನೋಡಿದರೆ ಅವನ ಬೆರಳು ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ.

ರಾಮನಗರದಿಂದ ಮಾಗಡಿ ರಸ್ತೆ ಹಿಡಿದು, ಬಂಡೆಗಳ ಸಂದಿಯಲ್ಲಿ ಒಳಕ್ಕೆ ತಿರುಗಿದರೆ ಸಿಗುವ ಒಂದು ಹಳ್ಳಿಯಲ್ಲಿ ಆ ವರ್ಷ ಕಾರ್ಖಾನೆಯೊಂದಕ್ಕೆ ಜಮೀನು ಗೊತ್ತಾಯಿತು. ಒಂಬತ್ತು ಮೂಲೆಯ ಜಾಗ. ಒಂಬತ್ತು ಕಡೆ ಕಲ್ಲು ನೆಡುವ ಕೆಲಸ ನಮ್ಮದು. ನಾವು ಪೆಟ್ಟಿಗೆ, ಮುಕ್ಕಾಲಿ, ಕಬ್ಬಿಣದ ಸಲಾಕೆಗಳನ್ನು ಇಟ್ಟುಕೊಳ್ಳುತ್ತಿದ್ದುದು ಆ ಜಾಗದ ಅಂಚಿನಲ್ಲೇ ಇದ್ದ ಒಂದು ಮನೆಯ ಜಗಲಿಯಲ್ಲಿ. ಮನೆಯಾಕೆಗೆ ಐವತ್ತೈದು ಇರಬಹುದು. ಮಗಳನ್ನು ಮಾಗಡಿಯ ಆಚೆ ಕಲ್ಯಕ್ಕೆ ಕೊಟ್ಟು, ಒಬ್ಬಳೇ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಮೇಯಿಸುತ್ತಿದ್ದ ಹೆಂಗಸು. ನಾವೆಲ್ಲ ಅವ್ವ ಎನ್ನುತ್ತಿದ್ದೆವು. ಅವಳು ನನಗೆ ಮೊದಲ ವಾರವೇ ಒಂದು ಹೆಸರಿಟ್ಟಳು. ನಾನು ಮಾತೆತ್ತಿದರೆ ಇಷ್ಟು ಸೆಕೆಂಡು, ಅಷ್ಟು ಸೆಕೆಂಡು ಎನ್ನುವುದನ್ನು ಕೇಳಿ ಕೇಳಿ, "ಬಾರೋ ಸೆಕೆಂಡು, ಮಜ್ಜಿಗೆ ಕುಡಿ" ಎಂದುಬಿಟ್ಟಳು. ಆಮೇಲೆ ಊರೇ ಹಾಗೆ ಕರೆಯಿತು.

ಹುಳುಮನೆಯೊಳಕ್ಕೆ ಮಾತ್ರ ನಮ್ಮನ್ನು ಬಿಡುತ್ತಿರಲಿಲ್ಲ. "ನೀವೆಲ್ಲೆಲ್ಲೋ ತುಳ್ಕೊಂಡು ಬಂದಿರ್ತೀರ, ನನ್ನ ಮಕ್ಳಿಗೆ ಕಾಯಿಲೆ ಹಚ್ಚಬ್ಯಾಡಿ" ಎಂದು ಹೊಸ್ತಿಲಿನಲ್ಲಿ ಸುಣ್ಣ ಉದುರಿಸಿ ನಿಲ್ಲಿಸುತ್ತಿದ್ದಳು. ನಾಲ್ಕನೇ ಜ್ವರ ಎದ್ದ, ಅಂದರೆ ಕೊನೆಯ ಸಲ ಪೊರೆ ಕಳಚಿದ, ಹುಳು ಎಲೆ ಮೇಯುವಾಗ ಒಳಗಿನಿಂದ ಒಂದು ಸದ್ದು ಬರುತ್ತಿತ್ತು. ಜಗಲಿಯಲ್ಲಿ ಕೂತು ಮಿನಿಟನ್ನು ಪಾಯಿಂಟಿಗೆ ತಿರುಗಿಸುತ್ತ ಆ ಸದ್ದು ಕೇಳುವುದು ನನಗೆ ಎಷ್ಟು ಅಭ್ಯಾಸವಾಯಿತೆಂದರೆ, ಈಗಲೂ ಯಾವ ಆಫೀಸಿನಲ್ಲಿ ಕೂತು ಲೆಕ್ಕ ಮಾಡಿದರೂ ಕಿವಿ ಅದನ್ನು ಹುಡುಕುತ್ತದೆ. ಫ್ಯಾನು ತಿರುಗುವ ಸದ್ದು ಬಿಟ್ಟರೆ ಇನ್ನೇನೂ ಸಿಗುವುದಿಲ್ಲ.

ಅವ್ವನದು ಎರಡು ಚುಕ್ಕೆ ಇಪ್ಪತ್ತು. ನಮ್ಮಜ್ಜಿ ಹೇಳಿಕೊಟ್ಟ ಅದೇ ಅಂಕಿ. ಅದರಲ್ಲಿ ಒಂದು ಎಕರೆ ಮೂವತ್ತು ಗುಂಟೆ ಕಾರ್ಖಾನೆಗೆ, ಮೂವತ್ತು ಗುಂಟೆ ಅವಳಿಗೆ. ಸೊಪ್ಪು ಇದ್ದದ್ದು ಆ ಮೂವತ್ತು ಗುಂಟೆಯಲ್ಲೇ, ಆದ್ದರಿಂದ ಅವಳು ಹೆಚ್ಚು ಗೊಣಗಿರಲಿಲ್ಲ. ಆದರೆ ಸೊಪ್ಪಿಗೆ ನೀರು ಕೊಡುವ ಬೋರು ಗಡಿಯ ಅಂಚಿನಲ್ಲಿತ್ತು. ನೆಲದಿಂದ ಒಂದು ಗೇಣು ಮೇಲೆದ್ದ ಕಬ್ಬಿಣದ ಪೈಪು, ಅಷ್ಟೆ. ಗಡಿಗೆರೆ ಅದರ ಯಾವ ಮಗ್ಗುಲಲ್ಲಿ ಹಾಯುತ್ತದೆ ಎನ್ನುವುದರ ಮೇಲೆ ಅವಳ ಹುಳು, ಸೊಪ್ಪು, ಗೂಡು, ಎಲ್ಲ ನಿಂತಿತ್ತು. ಪೈಪು ಈಚೆಗೆ ಉಳಿದರೆ ಅವಳು ಬೇಸಾಯಗಾರ್ತಿ. ಆಚೆಗೆ ಹೋದರೆ ಮೂವತ್ತು ಗುಂಟೆ ಒಣಭೂಮಿಯ ಒಡತಿ.

ಗಡಿಗೆರೆ ರಸ್ತೆ ಬದಿಯ ಮೂಲೆಗಲ್ಲಿನಿಂದ ಹೊರಟು ಐನೂರು ಮೀಟರು ನೇರ ಬಂದು ಬೋರಿನ ಪಕ್ಕ ಮುಗಿಯಬೇಕಿತ್ತು. ನಕ್ಷೆಯಲ್ಲಿ ಆ ಮೂಲೆಯ ಕೋನ ನಲವತ್ತೊಂದು ಡಿಗ್ರಿ ಹದಿನೆಂಟು ಮಿನಿಟು. ಅದನ್ನು ನಾನು ನನ್ನ ಪುಸ್ತಕಕ್ಕೆ ಇಳಿಸಿಕೊಂಡದ್ದು ಅವ್ವನ ಜಗಲಿಯಲ್ಲಿ, ಅವಳ ಪಹಣಿಯನ್ನು ನೋಡಿ ಬರೆದುಕೊಂಡ ಹಾಳೆಯಲ್ಲೇ. ಮೇಲೆ ಎರಡು ಚುಕ್ಕೆ ಇಪ್ಪತ್ತು, ಅದರ ಕೆಳಗೆ ಒಂದು ಚುಕ್ಕೆ ಮೂವತ್ತು, ಅದರ ಕೆಳಗೆ ಸೊನ್ನೆ ಚುಕ್ಕೆ ಮೂವತ್ತು. ಅದೇ ಧಾಟಿಯಲ್ಲಿ ಕೈ ಮುಂದುವರಿದು ನಲವತ್ತೊಂದು ಚುಕ್ಕೆ ಹದಿನೆಂಟು ಎಂದು ಬರೆದುಬಿಟ್ಟಿತು. ಉಳಿದ ಎಂಟು ಕೋನಗಳನ್ನು ಆಫೀಸಿನಲ್ಲಿ ಬರೆದವನು, ಸರಿಯಾಗಿ ಡಿಗ್ರಿ ಮಿನಿಟಿನ ಗುರುತು ಹಾಕಿ ಬರೆದಿದ್ದೆ.

ಮಾರನೆಯ ದಿನ ಹೊಸ ಯಂತ್ರಕ್ಕೆ ಅಂಕಿ ಕುಟ್ಟಿದೆ. ಅದು ತಿರುಗಿ ನಿಂತ ದಿಕ್ಕಿಗೆ ಕಲ್ಲು ನೆಟ್ಟೆವು. ಅವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು, ಕಲ್ಲಿನ ಗೆರೆಯಿಂದ ಪೈಪಿನವರೆಗೆ ಮೊಣಕೈ ಊರಿ ತಾನೇ ಅಳೆದಳು.

"ಒಂದೂವರೆ ಮೊಳ ಈಚೆಗೈತೆ! ನೋಡ್ದಾ ಸೆಕೆಂಡು? ನಮ್ಮಪ್ಪ ತೋಡಿಸ್ದಾಗ್ಲೇ ಗೊತ್ತಿತ್ತು ಕಣ, ಇದು ನನ್ ಬುಟ್ಟು ಎಲ್ಲೂ ಹೋಗಾಕಿಲ್ಲ ಅಂತ."

ಅವತ್ತು ಅವಳ ಮನೆಯಲ್ಲಿ ನಮಗೆಲ್ಲ ಮುದ್ದೆ, ಅವರೆಕಾಳಿನ ಸಾರು. ದೊಡ್ಡಯ್ಯ ಮೂರನೆಯ ಮುದ್ದೆಗೆ ಕೈ ಚಾಚಿದಾಗ, "ಮೆತ್ಗೆ ಉಣ್ಣಯ್ಯ, ನಾಳೆಕೂ ಅಳಿಯೋದೈತೆ" ಎಂದು ಅವಳು ನಕ್ಕದ್ದು ನೆನಪಿದೆ. ತಕರಾರಿದ್ದವರು ಹದಿನೈದು ದಿನದೊಳಗೆ ಅರ್ಜಿ ಕೊಡಬೇಕಿತ್ತು. ಅವ್ವ ತಾಲ್ಲೂಕು ಆಫೀಸಿಗೆ ಹೋಗಿ ತಕರಾರಿಲ್ಲ ಎಂದು ರುಜು ಹಾಕಿ ಬಂದಳು. ಕಲ್ಲು ಕಣ್ಣ ಮುಂದಿತ್ತು, ಪೈಪು ಅವಳ ಮಗ್ಗುಲಿಗಿತ್ತು. ಇನ್ನೇನು ತಕರಾರು?

ಮೂರು ವಾರ ಕಳೆದು, ಎಲ್ಲ ಮುಗಿದ ಮೇಲೆ ವರದಿಗಾಗಿ ಯಂತ್ರದಲ್ಲಿದ್ದ ಒಂಬತ್ತು ಕೋನಗಳನ್ನೂ ಕೂಡಿದೆ. ಒಂಬತ್ತು ಮೂಲೆಯ ಜಾಗದ ಒಳಕೋನಗಳು ಸೇರಿದರೆ ಸಾವಿರದ ಇನ್ನೂರ ಅರವತ್ತು ಡಿಗ್ರಿ ಆಗಲೇಬೇಕು, ಜಾಗ ಯಾವ ಆಕಾರಕ್ಕಿದ್ದರೂ ಸರಿ. ನನಗೆ ಬಂದದ್ದು ಸಾವಿರದ ಇನ್ನೂರ ಐವತ್ತೊಂಬತ್ತು ಪಾಯಿಂಟ್ ಎಂಬತ್ತೆಂಟು. ಪಾಯಿಂಟ್ ಹನ್ನೆರಡು ಕೊರೆ, ಅಷ್ಟು ಕಡಿಮೆ.

ಯಜಮಾನರು ತಲೆ ಕೆಡಿಸಿಕೊಳ್ಳಲಿಲ್ಲ. "ಒಂಬತ್ತಕ್ಕೂ ಸಮ ಹಂಚಿಬಿಡಯ್ಯ. ತಲಾ ನಲವತ್ತೆಂಟು ಸೆಕೆಂಡು ಬರುತ್ತೆ. ಯಾರೂ ಕೇಳಲ್ಲ" ಅಂದರು. ಸಣ್ಣ ಕೊರೆಯನ್ನು ಹಾಗೆ ಹಂಚುವುದು ನಮ್ಮ ಕಸುಬಿನಲ್ಲಿ ರೂಢಿಯೇ. ಆದರೆ ಇದು ಸಣ್ಣದಲ್ಲ ಎಂದು ನನಗೆ ಅನ್ನಿಸಿತು. ಅದಕ್ಕಿಂತ ಹೆಚ್ಚಾಗಿ, ಹೇಳಲು ಸಂಕೋಚ, ನನ್ನ ಲೆಕ್ಕದಲ್ಲಿ ಕೊರೆ ಉಳಿಯುವುದು ನನಗೆ ಅವಮಾನ. "ಮೂರು ದಿನ ಕೊಡಿ ಸಾರ್, ಹಿಡಿದು ತರ್ತೀನಿ" ಎಂದೆ.

ಆ ಮೂರು ದಿನ ಥಿಯೊಡೊಲೈಟು ಹೊತ್ತುಕೊಂಡು ಮೂಲೆ ಮೂಲೆ ಸುತ್ತಿದೆವು. ನಾನು ಹುಡುಕುತ್ತಿದ್ದುದು ಹನ್ನೆರಡು ಮಿನಿಟಿನ ತಪ್ಪನ್ನು. ಒಂದು ಮೂಲೆಯಲ್ಲಿ ಇಪ್ಪತ್ತು ಸೆಕೆಂಡು ಹೆಚ್ಚು, ಇನ್ನೊಂದರಲ್ಲಿ ನಲವತ್ತು ಕಡಿಮೆ, ಅಂಥ ಚಿಲ್ಲರೆ ಬಿಟ್ಟರೆ ಹನ್ನೆರಡು ಮಿನಿಟು ಎಲ್ಲೂ ಸಿಗಲಿಲ್ಲ. ಆರು ಮೂಲೆ ಮುಗಿದವು. ಮೂರನೆಯ ದಿನ ಮಧ್ಯಾಹ್ನ ಅವ್ವನ ಜಗಲಿಗೆ ಬಂದು ಪುಸ್ತಕ ಒಗೆದು ಕೂತೆ.

"ಏನ್ಲಾ ಕಳ್ಕಂಡಿದ್ದೀಯ?" ಎಂದಳು ಅವ್ವ, ಸೊಪ್ಪು ಹೆಚ್ಚುತ್ತ.

"ಹನ್ನೆರಡು ಮಿನಿಟು ಕಣವ್ವ."

"ಅಯ್ಯೋ, ನಾನು ದಿನಾ ಎಲ್ಡೆಲ್ಡು ಗಂಟೆ ಕಳ್ಕತೀನಿ. ಬೇಕಾದ್ರೆ ತಗೊಂಡೋಗು."

ದೊಡ್ಡಯ್ಯ ನಗುತ್ತ ನನ್ನ ಪುಸ್ತಕ ಎತ್ತಿಕೊಂಡ. ಕನ್ನಡಕ ಇಳಿಸಿ ನೋಡಿದ. "ಇಲ್ಲಿ ಪಾಯಿಂಟ್ ಹನ್ನೆರಡು ಅಂತ ಬರ್ದಿದ್ದೀಯ. ಇದು ಯಂತ್ರ ಕೊಟ್ಟುದ್ದಾ?"

"ಹೂಂ."

"ಯಂತ್ರ ಕೊಟ್ಟುದ್ದಾದ್ರೆ ಹನ್ನೆರಡು ಮಿನಿಟು ಯೆಂಗ್ಲಾ ಆಯ್ತದೆ? ಅರವತ್ತರಿಂದ ಗುಣಿಸ್ಬ್ಯಾಡ್ವಾ?"

ನನ್ನ ಕೆನ್ನೆಗೆ ಬಾರಿಸಿದ ಹಾಗಾಯಿತು. ಪಾಯಿಂಟ್ ಹನ್ನೆರಡನ್ನು ಅರವತ್ತರಿಂದ ಗುಣಿಸಿದರೆ ಏಳು ಪಾಯಿಂಟ್ ಎರಡು. ಆ ಪಾಯಿಂಟ್ ಎರಡನ್ನು ಮತ್ತೆ ಅರವತ್ತರಿಂದ ಗುಣಿಸಿದರೆ ಹನ್ನೆರಡು. ಏಳು ಮಿನಿಟು, ಹನ್ನೆರಡು ಸೆಕೆಂಡು. ಮೇಷ್ಟ್ರ ಚುಕ್ಕೆಯನ್ನು ಹೊಲದ ಚುಕ್ಕೆ ಎಂದುಕೊಂಡು ಮೂರು ದಿನ ಬಿಸಿಲಲ್ಲಿ ಸುತ್ತಿದ್ದೆ. ಹಾಗೆ ಅಂದುಕೊಂಡದ್ದೇ ತಡ, ಇನ್ನೊಂದೂ ಹೊಳೆಯಿತು. ಈ ತಪ್ಪನ್ನು ಇವತ್ತು ಮಾಡಿದವನು ಮೊದಲೂ ಮಾಡಿರಬಹುದಲ್ಲ? ಯಾವುದೋ ಮಿನಿಟನ್ನು ತಿರುಗಿಸದೆ ಹಾಗೆಯೇ ಕುಟ್ಟಿದ್ದರೆ? ಎಷ್ಟು ಮಿನಿಟನ್ನು ಹಾಗೆ ಕುಟ್ಟಿದರೆ ಕೊರೆ ಸರಿಯಾಗಿ ಪಾಯಿಂಟ್ ಹನ್ನೆರಡು ಬರುತ್ತದೆ? ಹದಿನೆಂಟು ಮಿನಿಟು ಅಂದರೆ ಪಾಯಿಂಟ್ ಮೂವತ್ತು. ಅದನ್ನು ಪಾಯಿಂಟ್ ಹದಿನೆಂಟು ಎಂದು ಕುಟ್ಟಿದರೆ ಕೊರೆ ಪಾಯಿಂಟ್ ಹನ್ನೆರಡು. ಕಳ್ಳನ ಗುರುತು ಸಿಕ್ಕಿತು. ಒಂಬತ್ತರಲ್ಲಿ ಯಾವ ಕೋನಕ್ಕೆ ಹದಿನೆಂಟು ಮಿನಿಟು ಇದೆಯೋ ಅದೇ. ಹಾಳೆ ತಿರುವಿದೆ. ಒಂದೇ ಒಂದಿತ್ತು.

"ಸಿಕ್ತು!" ಎಂದು ನಾನು ಕೂಗಿದ್ದಕ್ಕೆ ಹಿತ್ತಲಿನ ಕೋಳಿಗಳು ಎದ್ದು ಹಾರಿದವು. "ಸಿಕ್ತು ದೊಡ್ಡಯ್ಯ, ಸಿಕ್ತು ಕಣವ್ವ!"

ಅವ್ವ ಕತ್ತಿ ಕೆಳಗಿಟ್ಟು, ಎರಡೂ ಕೈ ತಟ್ಟಿ, ನನ್ನಷ್ಟೇ ಸಂತೋಷದಿಂದ ನಕ್ಕಳು. "ಸಿಕ್ತಾ? ನನ್ ಮಗನೇ! ಮೂರು ದಿಸದಿಂದ ಮುಖ ನೋಡಾಕಾಗ್ತಿರ್ನಿಲ್ಲ. ತಡಿ, ಒಸಿ ಬೆಲ್ಲ ತತ್ತೀನಿ."

ಅವಳು ಒಳಗಿನಿಂದ ಬೆಲ್ಲದಚ್ಚು ಹಿಡಿದು ಬರುವಷ್ಟರಲ್ಲಿ ದೊಡ್ಡಯ್ಯನ ಮುಖ ಸಪ್ಪಗಾಗಿತ್ತು. ಅವನು ಬೆರಳು ಮಡಿಸುತ್ತಿದ್ದ. ಏಳು ಮಿನಿಟಿನ ಮೇಲೆ ಚೂರು, ಅಂದರೆ ನೂರು ಮೀಟರಿಗೆ ಹತ್ತು ಬೆರಳು ದಾಟಿ ಹನ್ನೊಂದರ ಹತ್ತಿರ. ಐನೂರು ಮೀಟರಿಗೆ ಐವತ್ತನಾಲ್ಕು ಬೆರಳು. "ಎರಡೂಕಾಲು ಮೊಳ" ಎಂದ, ಯಾರಿಗೂ ಅಲ್ಲ ಎನ್ನುವ ಹಾಗೆ. ನಾನು ನನ್ನ ದೊಡ್ಡ ಅಂಕಿಯಿಂದ ಭಾಗಿಸಿ ನೋಡಿದೆ. ನಾನೂರ ಮೂವತ್ತೆರಡು ಸೆಕೆಂಡು, ಐನೂರು ಮೀಟರು: ಒಂದು ಮೀಟರಿನ ಮೇಲೆ ನಾಲ್ಕೂಮುಕ್ಕಾಲು ಸೆಂಟಿಮೀಟರು. ಎರಡೂಕಾಲು ಮೊಳವೇ.

ಗೆರೆ ಎರಡೂಕಾಲು ಮೊಳ ಅವ್ವನ ಕಡೆಗೆ ಸರಿಯಬೇಕು. ಪೈಪು ಈಚೆಗಿದ್ದದ್ದು ಒಂದೂವರೆ ಮೊಳ.

ಅವ್ವನಿಗೆ ಕೋನ ಗೊತ್ತಿರಲಿಲ್ಲ, ಮೊಳ ಗೊತ್ತಿತ್ತು. ಬೆಲ್ಲ ಹಿಡಿದ ಕೈ ಹಾಗೆಯೇ ನಿಂತಿತು. ನನ್ನ ಮುಖ ನೋಡಿದಳು, ದೊಡ್ಡಯ್ಯನ ಮುಖ ನೋಡಿದಳು.

"ಮೂರು ದಿಸ ನೀನು ಹುಡುಕ್ತಿದ್ದುದ್ದು ನನ್ ಬೋರ್ನಾ?"

ನಾನು ಪುಸ್ತಕ ಮುಚ್ಚಿದೆ. ಅವಳು ಬೆಲ್ಲವನ್ನು ಜಗಲಿಯ ಮೇಲಿಟ್ಟು, ಹೆಚ್ಚಿದ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಹುಳುಮನೆಗೆ ಹೋದಳು. ಮೇವಿನ ಹೊತ್ತಾಗಿತ್ತು. ಒಳಗೆ ತಟ್ಟೆಗಳನ್ನು ಎಳೆಯುವ, ತಳ್ಳುವ ಸದ್ದು ಎಂದಿನಂತೆಯೇ ಬಂತು. ಅವಳು ಬೈದಿದ್ದರೆ ಚೆನ್ನಾಗಿತ್ತು.

ಯಜಮಾನರು ಹೇಳಿದಾಗಲೇ ಹಂಚಿಬಿಟ್ಟಿದ್ದರೆ ಎಂದು ಅವತ್ತು ಅಂದುಕೊಂಡೆ, ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದೇನೆ. ಆಗ ನನಗೂ ಗೊತ್ತಾಗುತ್ತಿರಲಿಲ್ಲ, ಅವಳಿಗೂ ಗೊತ್ತಾಗುತ್ತಿರಲಿಲ್ಲ. ಈಗಲೂ ಹಂಚಬಹುದಲ್ಲ ಎಂದು ದೊಡ್ಡಯ್ಯನ ಕಿವಿಯಲ್ಲಿ ಹೇಳಿದೆ. ಮೇವು ಹಾಕಿ ಬಂದ ಅವ್ವ ಅದನ್ನು ಕೇಳಿಸಿಕೊಂಡಳು.

"ಹಂಚೋದು ಅಂದ್ರೆ ಏನ್ಲಾ?"

"ಈ ತಪ್ಪನ್ನ ಒಂಬತ್ತು ಮೂಲೆಗೂ ಒಸಿ ಒಸಿ ಸೇರ್ಸೋದು ಕಣವ್ವ. ಒಂದೊಂದು ಕಲ್ಲು ನಾಲ್ಕೋ ಆರೋ ಬೆರಳು ಸರೀತದೆ. ನಿನ್ನ ಬೋರು ಉಳೀತದೆ."

"ಆ ಮಿಕ್ಕ ಎಂಟು ಕಲ್ಲು ಯಾರ್ಯಾರ ಹೊಲ್ದಲ್ಲವೆ?"

ಎಂಟೂ ಹೊಲ ಅವಳಿಗೆ ಗೊತ್ತಿತ್ತು. ಆದರೂ ಕೇಳಿದಳು. ನಾನು ಹೇಳುತ್ತ ಹೋದೆ, ಅವಳು ಒಂದೊಂದಕ್ಕೂ ತಲೆಯಾಡಿಸುತ್ತ ಹೋದಳು. ಕೊನೆಗೆ, "ಬ್ಯಾಡ. ಅವರ ನೆಲ ಕಿತ್ಕೊಂಡು ನನ್ ಸೊಪ್ಪಿಗೆ ನೀರು ಬುಟ್ಕೊಂಡು, ದಿನಾ ಅವರ ಮುಖ ಯೆಂಗ್ ನೋಡ್ಲಿ?" ಎಂದಳು. ಆಮೇಲೆ ಬೆಲ್ಲದಚ್ಚನ್ನು ಮುರಿದು ನಮ್ಮಿಬ್ಬರಿಗೂ ಕೊಟ್ಟಳು. ತಂದದ್ದನ್ನು ವಾಪಸು ಒಳಗಿಡುವ ಹೆಂಗಸಲ್ಲ ಅವಳು.

ದಾರಿ ತೋರಿಸಿದವನು ದೊಡ್ಡಯ್ಯ. ಮಾರನೆಯ ದಿನ ಗೋಡೆ ಕಟ್ಟಿಸಲು ಬಂದ ಕಾರ್ಖಾನೆಯ ಎಂಜಿನಿಯರನ್ನು ರಸ್ತೆಯಲ್ಲೇ ಹಿಡಿದ. ನನ್ನನ್ನು ಮುಂದಕ್ಕೆ ತಳ್ಳಿ, "ಹೇಳ್ಲಾ, ಒಂದಕ್ಷರ ಬುಡ್ದಂಗೆ ಹೇಳು" ಎಂದ. ಹೇಳಿದೆ. ಚುಕ್ಕೆ ತಪ್ಪಿದ್ದು, ಕಲ್ಲು ತಪ್ಪಿದ್ದು, ನನ್ನ ಕಲ್ಲನ್ನು ನಂಬಿ ಆಕೆ ತಕರಾರಿಲ್ಲ ಎಂದು ರುಜು ಹಾಕಿದ್ದು, ಈಗ ಅರ್ಜಿಯ ಹದಿನೈದು ದಿನ ಕಳೆದುಹೋಗಿರುವುದು. ಎಂಜಿನಿಯರ್ ನಡುವಯಸ್ಸಿನ ಮನುಷ್ಯ, ಬಿಸಿಲಿಗೆ ಟವೆಲ್ಲು ಕಟ್ಟಿಕೊಂಡಿದ್ದರು.

"ಈಗ ಏನು ಮಾಡಬೇಕು ಅಂತೀರಿ?"

"ಗೋಡೆ ಅಲ್ಲಿ ಒಸಿ ಬಗ್ಗಬೇಕು ಸೋಮಿ" ಎಂದ ದೊಡ್ಡಯ್ಯ.

"ಐನೂರು ಮೀಟರ್ ನೇರ ಬಂದ ಗೋಡೆಗೆ ಕೊನೇಲಿ ಗೂನು ಹಾಕಲಾ?"

"ನಮ್ಮ ಸರಪಳಿ ಎಳೆದು ಎಳೆದು ನಂಗೂ ಗೂನು ಬಂದೈತೆ. ನಡೀತಾ ಇಲ್ವಾ?"

ಅವರಿಗೆ ನಗು ತಡೆಯಲಾಗಲಿಲ್ಲ. ನಡೆದುಕೊಂಡು ಬಂದು ಪೈಪನ್ನು ನೋಡಿದರು. ಗೆರೆಯಿಂದ ಮುಕ್ಕಾಲು ಮೊಳ ಒಳಗೆ. ಅವ್ವ ಸೊಪ್ಪಿನ ಸಾಲಿನಲ್ಲಿ ನಿಂತು ನೋಡುತ್ತಿದ್ದಳು, ಹತ್ತಿರ ಬರಲಿಲ್ಲ. ಬೇಡಿಕೊಳ್ಳಲೂ ಇಲ್ಲ. ಅವರು ಸ್ವಲ್ಪ ಹೊತ್ತು ಪೈಪಿನ ಮೇಲೆ ಕಾಲಿಟ್ಟು ನಿಂತಿದ್ದು, ಏನು ನೆನಪಾಯಿತೋ, ಕಾಲು ತೆಗೆದರು.

"ಮೋಟರ್ ಎತ್ತೋಕೆ ಜಾಗ ಬೇಕಲ್ಲ. ಮೂರಡಿ ಒಳಕ್ಕೆ ಬಗ್ಗಿಸಿ ನಕ್ಷೆ ಮಾಡಿಕೊಡಿ, ಮೇಲಿನವರ ಹತ್ತಿರ ಒಪ್ಪಿಸಿ ನೋಡ್ತೀನಿ. ಕೋನವನ್ನ ಡಿಗ್ರಿ, ಮಿನಿಟು, ಸೆಕೆಂಡಲ್ಲಿ ಬರೀರಿ. ಎಲ್ಲಾದ್ರೂ ಚುಕ್ಕೆ ಕಂಡ್ರೆ ಹರಿದು ಬಿಸಾಕ್ತೀನಿ."

ಆ ನಕ್ಷೆಯನ್ನು ಅವ್ವನ ಜಗಲಿಯಲ್ಲೇ ಕೂತು ಬರೆದೆ. ಗೋಡೆ ಎರಡಡಿ ಮುಂದೆ ಹೋಗುವಷ್ಟರಲ್ಲಿ ಮೂರಡಿ ಒಳಕ್ಕೆ ತಿರುಗಬೇಕು. ಆ ಓರೆಯ ಕೋನ ಲೆಕ್ಕ ಹಾಕಿದರೆ ಐವತ್ತಾರು ಡಿಗ್ರಿ, ಹದಿನೆಂಟು ಮಿನಿಟು, ಮೂವತ್ತಾರು ಸೆಕೆಂಡು. ಮತ್ತೆ ಅದೇ ಹದಿನೆಂಟು! ಲೆಕ್ಕವನ್ನು ಇನ್ನೊಂದು ಸಲ ಹಾಕಿ ನೋಡಿದೆ. ಆಮೇಲೆ ಅಂಕಿಯನ್ನೂ ಬರೆದೆ, ಅದರ ಕೆಳಗೆ ಅಕ್ಷರದಲ್ಲೂ ಬರೆದೆ, ಮದುವೆ ಕಾಗದಕ್ಕೆ ಬರೆಯುವಷ್ಟು ಜಾಗ್ರತೆಯಿಂದ. ಒಳಗೆ ಹುಳು ಮೇಯುತ್ತಿದ್ದವು.

ಒಂಬತ್ತು ದಿನ ಕಾದೆವು. ಹತ್ತನೆಯ ದಿನ ಒಪ್ಪಿಗೆ ಬಂತು. ಗೋಡೆ ಅಲ್ಲಿಗೆ ಬರುವ ಹೊತ್ತಿಗೆ ಮಳೆಗಾಲ ಹತ್ತಿರವಾಗಿತ್ತು. ಕಲ್ಲಿನ ಪಾಯ ಪೈಪಿನ ಹತ್ತಿರ ಬಂದು, ಓರೆಯಾಗಿ ಒಳಕ್ಕೆ ಹೋಗಿ, ಅದನ್ನು ಬಳಸಿಕೊಂಡು ಮತ್ತೆ ಗೆರೆಗೆ ಸೇರಿದಾಗ, ಅವ್ವ ಅದರ ಮೇಲೆ ಅಂಗೈ ಸವರಿಕೊಂಡು ಈ ತುದಿಯಿಂದ ಆ ತುದಿಗೆ ನಡೆದಳು.

"ಸೆಕೆಂಡು, ನಿನ್ ಲೆಕ್ಕದಾಗೆ ಇದೇಟು?"

ಹೇಳಿದೆ. ಅವಳು ಅದನ್ನು ಬಾಯಲ್ಲಿ ಒಂದು ಸಲ ಹೇಳಿಕೊಂಡು, "ಅಬ್ಬಾ, ನನ್ ನೀರಿಗೆ ಏಟುದ್ದ ಹೆಸ್ರು" ಎಂದು ನಕ್ಕಳು.

ಅಲ್ಲಿಂದ ನಮ್ಮ ತಂಡ ಕನಕಪುರದ ಕಡೆಗೆ ಹೋಯಿತು. ದೊಡ್ಡಯ್ಯನ ಊರಿನ ಪಕ್ಕದಲ್ಲೇ ಎರಡು ವರ್ಷ ಕೆಲಸ. ಅಲ್ಲಿರುವಾಗಲೇ ಅವನು ಒಂದು ದಿನ ಸಲಾಕೆಯನ್ನು ನನ್ನ ಕೈಗೆ ಕೊಟ್ಟು, "ಇನ್ ಸಾಕು ಕಣ್ಲಾ" ಎಂದು ಮನೆಗೆ ಹೋದವನು ಮತ್ತೆ ಬರಲಿಲ್ಲ, ಮರುವರ್ಷ ತೀರಿಕೊಂಡ. ಹೊಸ ಯಂತ್ರಗಳು ಬಂದವು. ಈಗ ನನ್ನ ಫೋನು ಕೂಡ ನಾನು ನಿಂತ ಜಾಗವನ್ನು ಡಿಗ್ರಿಯಲ್ಲಿ ಹೇಳುತ್ತದೆ, ಚುಕ್ಕೆಯ ಮುಂದೆ ಆರಾರು ಅಂಕಿ. ಮಿನಿಟಿಲ್ಲ, ಸೆಕೆಂಡಿಲ್ಲ. ನಾನು ಸುಮ್ಮನೆ ನಿಂತಲ್ಲಿ ಅದನ್ನು ಅರವತ್ತರಿಂದ ಗುಣಿಸಿಕೊಳ್ಳುತ್ತೇನೆ. ಯಾರಿಗೂ ಬೇಕಿಲ್ಲದ ಲೆಕ್ಕ. ಒಂದೂವರೆ ಬೆರಳು ಎಂದು ಬೆರಳು ಮಡಿಸುವ ಕೈ ಪಕ್ಕದಲ್ಲಿಲ್ಲ, ಆ ಕೈಯನ್ನು ನೆನೆಯಲು ಇದೊಂದು ನೆಪ.

ಆ ಗೋಡೆಯ ಕಡೆಗೆ ಆಗೀಗ ಹೋಗುತ್ತಿದ್ದೆ. ಮೊದಮೊದಲು ಅವ್ವನ ಮಜ್ಜಿಗೆ ಇರುತ್ತಿತ್ತು. ಆಮೇಲೆ ಸುತ್ತ ಕಾರ್ಖಾನೆಗಳು ಹೆಚ್ಚಿದವು, ಒಬ್ಬರಿಗಿಂತ ಒಬ್ಬರು ಆಳಕ್ಕೆ ಬೋರು ಇಳಿಸಿದರು. ಅವ್ವನ ಪೈಪಿನಲ್ಲಿ ನೀರು ಮೊದಲು ದಿನಕ್ಕೆ ಮೂರು ಗಂಟೆಗೆ ಇಳಿಯಿತು, ಆಮೇಲೆ ಒಂದಕ್ಕೆ, ಆಮೇಲೆ ಗಾಳಿ ಮಾತ್ರ. ಒಂದು ಸಲ ಹೋದಾಗ ಸೊಪ್ಪು ಕಿತ್ತಿದ್ದರು, ಹುಳುಮನೆಯ ಬಾಗಿಲಿಗೆ ಬೀಗವಿತ್ತು. ಮಗಳು ಕಲ್ಯಕ್ಕೆ ಕರೆದುಕೊಂಡು ಹೋದಳು ಎಂದು ಪಕ್ಕದವರು ಹೇಳಿದರು. ಗೋಡೆ ಮಾತ್ರ ಬಗ್ಗಿಯೇ ನಿಂತಿತ್ತು. ಐನೂರು ಮೀಟರು ಕಣ್ಣು ಹಾಯಿಸಿದರೂ ನೇರ, ಕೊನೆಯಲ್ಲಿ ಆ ಒಂದು ಬಾಗು. ಅದು ಯಾಕಿದೆ ಎಂದು ಕಾವಲಿನವನನ್ನು ಕೇಳಿದೆ. "ಕಟ್ಟೋರು ಕುಡ್ದಿದ್ರು ಅನ್ಸುತ್ತೆ ಸಾರ್" ಎಂದ.

ಹೋದ ವರ್ಷ ಮಾಗಡಿ ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ಹಿಂದಿನಿಂದ ಯಾರೋ, "ಲೋ ಸೆಕೆಂಡೂ" ಎಂದರು. ಆ ಹೆಸರನ್ನು ಕೇಳಿ ಎಷ್ಟು ವರ್ಷಗಳಾಗಿದ್ದವೋ. ತಿರುಗಿದರೆ ಅವ್ವ. ಕೂದಲೆಲ್ಲ ಬೆಳ್ಳಗಾಗಿತ್ತು, ಕೈಯಲ್ಲಿ ಕೋಲು, ಕಣ್ಣು ಮಾತ್ರ ಹಾಗೆಯೇ. ನನ್ನ ತೋಳು ಹಿಡಿದು ಕಲ್ಲುಬೆಂಚಿನ ಮೇಲೆ ಕೂರಿಸಿಕೊಂಡಳು. ನನ್ನ ಹೆಂಡತಿ ಮಕ್ಕಳನ್ನು ವಿಚಾರಿಸುವ ಮೊದಲು ಅವಳು ಕೇಳಿದ್ದು ಗೋಡೆಯನ್ನು.

"ಬಗ್ಗಿದ್ದಂಗೇ ಐತಾ?"

"ಹಂಗೇ ಐತೆ ಕಣವ್ವ."

"ಪೈಪು?"

"ತುಕ್ಕು ಹಿಡ್ದೈತೆ. ಬಾಯಿಗೆ ಯಾರೋ ಚಪ್ಪಡಿ ಮುಚ್ಚವ್ರೆ."

ಅವಳು ಕೋಲಿನ ತುದಿಯಿಂದ ನೆಲ ಕೆದಕಿದಳು. ಬಸ್ಸುಗಳು ಬಂದವು, ಹೋದವು.

"ಈಚೆಗೆ ಎಲ್ಡು ವರ್ಸ ಮಳೆ ಚೆನ್ನಾಗಾಯ್ತಲ್ಲ? ಕಲ್ಯದ ಕೆರೆ ತುಂಬ್ತು. ಅದ್ಕೇ ಅಂದ್ಕತಿದ್ದೆ. ಮತ್ತೊಂದ್ಸಲ ಆ ಕಡೀಕೆ ಹೋದ್ರೆ ಆ ಚಪ್ಪಡಿ ಒಸಿ ಸರ್ಸು. ಒಂದು ಹರಳು ಎಸ್ದು ಕಿವಿ ಮಡಗು. ತಳದಾಗೆ ನೀರಿದ್ರೆ ಗೊತ್ತಾಯ್ತದೆ."

"ಆಗ್ಲಿ ಕಣವ್ವ."

"ಇದ್ರೆ ಬಂದು ಹೇಳು. ಇಲ್ದಿದ್ರೆ ಹೇಳ್ಬ್ಯಾಡ. ನಿನ್ಗೆ ಸಿಕ್ಕಿದ್ದೆಲ್ಲಾ ಕೂಗ್ಬುಡೋ ಅಭ್ಯಾಸ" ಎಂದು ನನ್ನ ಬೆನ್ನ ಮೇಲೊಂದು ಹುಸಿಪೆಟ್ಟು ಕೊಟ್ಟಳು. ಕಲ್ಯದ ಬಸ್ಸು ಬಂತು. ಹತ್ತಿಸಿದೆ. ಕಿಟಕಿಯಿಂದ ಕೈ ಹೊರಗೆ ಚಾಚಿ, ಮೊಣಕೈಯಿಂದ ಬೆರಳ ತುದಿಯವರೆಗೆ ತೋರಿಸಿ, ಏನೋ ಹೇಳಿದಳು. ಗದ್ದಲದಲ್ಲಿ ಕೇಳಿಸಲಿಲ್ಲ.

ಮರುವಾರವೇ ಹೋದೆ. ಗೋಡೆಯ ಬಾಗಿನಲ್ಲಿ ಲಂಟಾನ ಬೆಳೆದಿತ್ತು. ಬಗ್ಗಿಸಿ ದಾರಿ ಮಾಡಿಕೊಂಡು, ಚಪ್ಪಡಿ ಸರಿಸಿ, ಹರಳೊಂದನ್ನು ಬಿಟ್ಟು, ಪೈಪಿನ ಬಾಯಿಗೆ ಕಿವಿ ಕೊಟ್ಟೆ. ಕಬ್ಬಿಣಕ್ಕೆ ತಾಗುತ್ತ ತಾಗುತ್ತ ಇಳಿಯಿತು. ಬಹಳ ಹೊತ್ತಾದ ಮೇಲೆ, ಕಲ್ಲಿನ ಮೇಲೆ ಕಲ್ಲು ಬಿದ್ದ ಸಣ್ಣ ಸದ್ದು ಬಂತು. ಇನ್ನೊಂದು ಬಿಟ್ಟೆ. ಅದೇ ಸದ್ದು. ಚಪ್ಪಡಿಯನ್ನು ಮೊದಲಿದ್ದ ಹಾಗೆಯೇ ಮುಚ್ಚಿ, ಬಾಗಿದ ಗೋಡೆಗೆ ಒರಗಿಕೊಂಡು ಸ್ವಲ್ಪ ಹೊತ್ತು ಕೂತು ಬಂದೆ.

ಆಮೇಲೆ ಎರಡು ಸಲ ಮಾಗಡಿಗೆ ಹೋಗಿದ್ದೇನೆ. ಕಲ್ಯದ ಬಸ್ಸು ಪಕ್ಕದಲ್ಲೇ ನಿಂತಿರುತ್ತದೆ. ನಾನು ಇನ್ನೂ ಹತ್ತಿಲ್ಲ.